ಫರ್ಡಿನಾಂಡೋ, ಸ್ಟುರ್ಮ್‌ಟೈಗರೋ, ಮೌಸೋ: ಅಪರೂಪದ ಜರ್ಮನ್ ಟ್ಯಾಂಕುಗಳಲ್ಲಿ ಯಾವುದನ್ನು ಕಟ್ಟುವುದು?

ಟೈಗರ್, ಪ್ಯಾಂಥರ್ ಕಟ್ಟಿ ಕೈ ಪಳಗಿದ ಮೇಲೆ ಸ್ಕೇಲ್ ಮಾಡೆಲ್ ಮಾಡುವವರ ಕಣ್ಣು ಅಪರೂಪದ ವಾಹನಗಳ ಕಡೆ ತಿರುಗುತ್ತದೆ. ಎರಡನೇ ಮಹಾಯುದ್ಧದ ಜರ್ಮನಿಯಲ್ಲಿ ಅಂಥವಕ್ಕೆ ಬರವಿಲ್ಲ. ಎರಡೇ ಎರಡು ತಯಾರಾದದ್ದು, ಐದು ತಯಾರಾದದ್ದು, ಯುದ್ಧಕ್ಕೇ ಇಳಿಯದ್ದು ಎಲ್ಲಕ್ಕೂ ಇವತ್ತು ಪ್ಲಾಸ್ಟಿಕ್ ಕಿಟ್ ಸಿಗುತ್ತದೆ. ಯಾವುದನ್ನು ಆರಿಸಬೇಕು ಎಂದು ಕೇಳಿದರೆ ಹೆಚ್ಚಿನವರು ಕಿಟ್ಟಿನ ಗುಣಮಟ್ಟವನ್ನೋ ಬೆಲೆಯನ್ನೋ ಮುಂದಿಟ್ಟು ಮಾತಾಡುತ್ತಾರೆ. ನಾನು ಮೊದಲು ಕೇಳುವುದು ಬೇರೆಯದನ್ನು. ಆ ವಾಹನದ ಬಗ್ಗೆ ಸಾಕ್ಷ್ಯ ಎಷ್ಟು ಉಳಿದಿದೆ, ಯಾವ ಬಗೆಯದು? ಅಪರೂಪದ ಮಾಡೆಲ್‌ನಲ್ಲಿ ಅರ್ಧ ಕೆಲಸ ಹುಡುಕಾಟದ್ದೇ. ಆ ಅರ್ಧ ನಿಮಗೆ ಹಿಡಿಸದಿದ್ದರೆ ಎಷ್ಟು ಒಳ್ಳೆಯ ಕಿಟ್ ತಂದರೂ ಅದು ಅಟ್ಟದ ಮೇಲೇ ಉಳಿಯುತ್ತದೆ.

ಇಲ್ಲಿ ಐದನ್ನು ಎದುರುಬದುರು ಇಟ್ಟು ನೋಡುತ್ತೇನೆ: ಫರ್ಡಿನಾಂಡ್ (ಮುಂದೆ ಎಲೆಫಾಂಟ್ ಆದದ್ದು), ಸ್ಟುರ್ಮ್‌ಟೈಗರ್, ಮೌಸ್, ಸ್ಟೂರರ್ ಎಮಿಲ್ ಮತ್ತು ನೋಯ್‌ಬೌಫಾರ್‌ಸೋಯ್ಗ್. ಕೊನೆಯದನ್ನು ಬಾಯಿತುಂಬ ಹೇಳುವ ಕಷ್ಟ ಬೇಡ, ನೋಯ್‌ಬೌ ಎಂದರೆ ಸಾಕು.

ಫರ್ಡಿನಾಂಡ್: ಒಂದೇ ವಾಹನ, ಎರಡು ಜನ್ಮ

ಅಪರೂಪದ ವಾಹನಗಳಿಗೆ ಹೊಸಬರಾದರೆ ನನ್ನ ಮೊದಲ ಸಲಹೆ ಇದೇ. ಟೈಗರ್ ಟ್ಯಾಂಕಿನ ಗುತ್ತಿಗೆಗಾಗಿ ವಾಹನ ವಿನ್ಯಾಸಕ ಫರ್ಡಿನಾಂಡ್ ಪೋರ್ಷೆ ಹೆನ್ಶೆಲ್ ಕಂಪನಿಯೊಂದಿಗೆ ಸ್ಪರ್ಧಿಸಿ ಸೋತರು. ಅಷ್ಟರಲ್ಲಿ ಅವರ ಮಾದರಿಯ ಚಾಸಿಗಳು ಆಸ್ಟ್ರಿಯಾದ ಸಾಂಕ್ಟ್ ವಾಲೆಂಟಿನ್‌ನ ನಿಬೆಲುಂಗನ್ ಕಾರ್ಖಾನೆಯಲ್ಲಿ ಸಿದ್ಧವಾಗುತ್ತಿದ್ದವು. ಅವನ್ನು ವ್ಯರ್ಥ ಮಾಡದೆ, ಹಿಂಭಾಗದಲ್ಲಿ ಪೆಟ್ಟಿಗೆಯಂಥ ಕೋಣೆ ಕಟ್ಟಿ, 88 ಮಿ.ಮೀ.ನ ಉದ್ದ ನಳಿಗೆಯ ಫಿರಂಗಿ ಕೂರಿಸಿ, 1943ರ ಬೇಸಿಗೆಯೊಳಗೆ ಸುಮಾರು 90 ಟ್ಯಾಂಕ್‌ಬೇಟೆ ವಾಹನಗಳನ್ನು ಹೊರತಂದರು. ತೂಕ 65 ಟನ್. ಎರಡು ಮೇಬಾಖ್ ಪೆಟ್ರೋಲ್ ಎಂಜಿನ್‌ಗಳು ಜನರೇಟರ್ ತಿರುಗಿಸುತ್ತವೆ, ಆ ವಿದ್ಯುತ್ತಿನಿಂದ ಮೋಟಾರುಗಳು ಹಿಂದಿನ ಹಲ್ಲುಗಾಲಿಯನ್ನು ತಿರುಗಿಸುತ್ತವೆ. ಎಂಜಿನ್ ವಾಹನದ ನಡುವೆ ಇರುವುದರಿಂದ ಚಾಲಕನಿಗೂ ಹಿಂದಿನ ಕೋಣೆಯವರಿಗೂ ನಡುವೆ ಗೋಡೆ.

ಮಾಡೆಲ್ ಮಾಡುವವರ ಅದೃಷ್ಟ ಎಂದರೆ, ಉಳಿದ ಎರಡು ವಾಹನಗಳು ಅದರ ಎರಡು ಅವತಾರಗಳಿಗೆ ಒಂದೊಂದರಂತೆ ಸಾಕ್ಷಿಯಾಗಿವೆ. 1943ರ ಜುಲೈನಲ್ಲಿ ರಷ್ಯಾದ ಕೂರ್ಸ್ಕ್ ಕದನದಲ್ಲಿ ಕಾದಿದ ಮೂಲ ರೂಪ ಅಲ್ಲಿಯ ಕುಬಿಂಕಾ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿದೆ. ಆ ಕದನದ ನಂತರ ಉಳಿದ 50ರಲ್ಲಿ 48ನ್ನು ಕಾರ್ಖಾನೆಗೆ ಕರೆಸಿ ಸುಧಾರಿಸಿದರು: ಮುಂಭಾಗದಲ್ಲಿ ಮೆಷಿನ್ ಗನ್, ಕಮಾಂಡರನಿಗೆ ಸುತ್ತ ನೋಡುವ ಗುಮ್ಮಟ, ಮೈಗೆ ಜಿಮ್ಮರಿಟ್ ಲೇಪ (ಅಯಸ್ಕಾಂತದ ಬಾಂಬುಗಳು ಉಕ್ಕಿಗೆ ಅಂಟದಂತೆ ಬಳಿಯುವ ಗಾರೆ). 1944ರಲ್ಲಿ ಅದಕ್ಕೆ ಎಲೆಫಾಂಟ್ ಎಂಬ ಹೆಸರು ಬಂತು. ಇಟಲಿಯಲ್ಲಿ ಅಮೆರಿಕನ್ನರ ಕೈಗೆ ಸಿಕ್ಕ ಅಂಥದೊಂದು ಅಮೆರಿಕದ ಸೇನೆಯ ಸಂಗ್ರಹದಲ್ಲಿದೆ. 2017ರಲ್ಲಿ ಅದನ್ನು ಬ್ರಿಟನ್ನಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂ ಎರವಲು ತಂದು ಪ್ರದರ್ಶಿಸಿತ್ತು.

ಹಾಗಾಗಿ ಕಿಟ್ ಕೊಳ್ಳುವ ಮೊದಲು ಜಾಗ ಮತ್ತು ವರ್ಷ ಗೊತ್ತು ಮಾಡಿಕೊಳ್ಳಿ. ಕೂರ್ಸ್ಕ್ ಎಂದರೆ ಜಿಮ್ಮರಿಟ್ ಇಲ್ಲ, ಮೆಷಿನ್ ಗನ್ ಇಲ್ಲ, ಗುಮ್ಮಟ ಇಲ್ಲ. ಇಟಲಿ ಎಂದರೆ ಮೂರೂ ಬೇಕು. ಕೆಲವರು ಎಲೆಫಾಂಟ್ ಕಿಟ್ ತಂದು ಕೂರ್ಸ್ಕ್‌ನ ಅಂಕಿಗಳನ್ನು ಅಂಟಿಸುತ್ತಾರೆ. ಪ್ರದರ್ಶನದ ಮೇಜಿನ ಮೇಲೆ ಬಲ್ಲವರ ಕಣ್ಣಿಗೆ ಮೊದಲು ಬೀಳುವುದೇ ಅದು. ಅಂಕಿಗಳಲ್ಲೂ ಒಂದು ಸುಲಭದ ಸುಳಿವಿದೆ. ಕೂರ್ಸ್ಕ್‌ನಲ್ಲಿ ಈ ವಾಹನಗಳಿದ್ದದ್ದು 653 ಮತ್ತು 654 ಎಂಬ ಎರಡು ಬೆಟಾಲಿಯನ್‌ಗಳಲ್ಲಿ. 653ರ ತುಕಡಿಗಳ ಮೂರಂಕಿ ಸಂಖ್ಯೆಗಳು 1, 2, 3ರಿಂದ ಶುರುವಾದರೆ 654ರವು 5, 6, 7ರಿಂದ. ಹಸಿರು ಬಣ್ಣ ಬಳಿದ ಶೈಲಿಯೂ ಎರಡರಲ್ಲಿ ಬೇರೆ ಬೇರೆ. ಒಂದು ಫೋಟೋದಲ್ಲಿ ಮೊದಲ ಅಂಕಿ ಕಂಡರೆ ಯಾವ ಬೆಟಾಲಿಯನ್‌ನ ಫೋಟೋಗಳನ್ನು ಹುಡುಕಬೇಕೆಂದು ತಿಳಿಯುತ್ತದೆ.

ಕಿಟ್‌ಗಳೂ ಧಾರಾಳ. 1/35ರಲ್ಲಿ (ಅಂದರೆ ನಿಜ ಗಾತ್ರದ ಮೂವತ್ತೈದನೇ ಒಂದು ಪಾಲು) ತಮಿಯಾ ಕಂಪನಿಯ ಎಲೆಫಾಂಟ್ ಜೋಡಿಸಲು ಸಲೀಸು. ಜ್ವೆಜ್ದಾ ಫರ್ಡಿನಾಂಡ್, ಎಲೆಫಾಂಟ್ ಎರಡನ್ನೂ ಮಾಡಿದೆ, ಕಡಿಮೆ ಖರ್ಚಿನಲ್ಲಿ ಹುಡುಕಾಟದ ಸುಖ ಬೇಕಾದವರಿಗೆ ತಕ್ಕದ್ದು. ಒಳಾಂಗಣವೆಲ್ಲ ಬೇಕೆಂದರೆ ಅಮ್ಯೂಸಿಂಗ್ ಹಾಬಿಯದ್ದು. ಒಳಗಿನದನ್ನೆಲ್ಲ ಕಟ್ಟಿ ಮೇಲೆ ಮುಚ್ಚಳ ಅಂಟಿಸಿಬಿಡುವ ಕಿಟ್‌ಗಳ ಮೇಲೆ ನನಗೇನೂ ಮೋಹವಿಲ್ಲ. ಆದರೆ ಎಂಜಿನ್, ಜನರೇಟರ್, ಮೋಟಾರು ಎಲ್ಲಿ ಕೂತಿವೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಯಾವ ಕಿಟ್ ಆದರೂ ಮುಂಭಾಗದ ದಪ್ಪ ಬೋಲ್ಟ್‌ಗಳನ್ನು ಜೋಪಾನ ಮಾಡಿ. 100 ಮಿ.ಮೀ.ನ ಉಕ್ಕಿನ ಮೇಲೆ ಇನ್ನೊಂದು 100 ಮಿ.ಮೀ.ನ ತಗಡನ್ನು ಹಿಡಿದಿಟ್ಟದ್ದು ಅವೇ. ಎಮರಿ ಪೇಪರ್ ತಾಗಿ ಅವು ಸವೆದರೆ ಮುಖಕ್ಕೆ ಕಳೆಯೇ ಇರುವುದಿಲ್ಲ.

ಸ್ಟುರ್ಮ್‌ಟೈಗರ್: ಪ್ರತಿಯೊಂದೂ ಬೇರೆ

ಇದೂ ಪೆಟ್ಟಿಗೆಯಾಕಾರದ್ದೇ, ಆದರೆ ಸಾಕ್ಷ್ಯದ ಸ್ವಭಾವ ಬೇರೆ. ಯುದ್ಧದಲ್ಲಿ ಪೆಟ್ಟು ತಿಂದು ರಿಪೇರಿಗೆ ಬಂದ ಟೈಗರ್‌ಗಳ ಒಡಲಿನ ಮೇಲೆ ಬರ್ಲಿನ್ನಿನ ಆಲ್ಕೆಟ್ ಕಂಪನಿ ಇಳಿಜಾರು ಮುಖದ ದಪ್ಪ ಕೋಣೆ ಕಟ್ಟಿತು. ಅದರಲ್ಲಿ ಇಟ್ಟದ್ದು 380 ಮಿ.ಮೀ.ನ ರಾಕೆಟ್ ಉಡಾಯಿಸುವ ಗಿಡ್ಡ ನಳಿಗೆ. ಒಂದೊಂದು ರಾಕೆಟ್ಟಿನ ತೂಕ 350 ಕಿಲೋ ಆಸುಪಾಸು, ವಾಹನದೊಳಗೆ 14 ಹಿಡಿಯುತ್ತಿದ್ದವು. ತುಂಬಿಸಲು ಕೋಣೆಯ ಹಿಂಭಾಗದಲ್ಲಿ ಒಂದು ಪುಟ್ಟ ಕ್ರೇನ್. ತಯಾರಾದದ್ದು ಹದಿನೆಂಟರ ಆಸುಪಾಸು. ಒಂದು ಕುಬಿಂಕಾದಲ್ಲಿ, ಇನ್ನೊಂದು ಜರ್ಮನಿಯ ಮುನ್ಸ್ಟರ್ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ಉಳಿದಿದೆ. ಮ್ಯೂಸಿಯಂ ಇರುವುದು ಲೋವರ್ ಸ್ಯಾಕ್ಸನಿಯ ಸಣ್ಣ ಊರಿನಲ್ಲಿ. ಹೆಚ್ಚುಕಮ್ಮಿ ಇದೇ ಹೆಸರಿನ ದೊಡ್ಡ ವಿಶ್ವವಿದ್ಯಾಲಯ ನಗರದಲ್ಲಿ ಹುಡುಕಿದರೆ ಚರ್ಚಿನ ಫೋಟೋಗಳೇ ಸಿಗುತ್ತವೆ.

ಒಡಲುಗಳೆಲ್ಲ ಹಳೆಯವು ಎನ್ನುವುದೇ ಇಲ್ಲಿ ಹುಡುಕಾಟದ ತಿರುಳು. ಜಿಮ್ಮರಿಟ್ ಲೇಪವನ್ನು 1943ರ ಕೊನೆಯ ಭಾಗದಿಂದ 1944ರ ಸೆಪ್ಟೆಂಬರ್‌ವರೆಗೆ ಮಾತ್ರ ಕಾರ್ಖಾನೆಗಳಲ್ಲಿ ಬಳಿಯುತ್ತಿದ್ದರು. ಆದ್ದರಿಂದ ಯಾವ ಒಡಲು ಯಾವಾಗಿನದು ಎಂಬುದರ ಮೇಲೆ ಕೆಳಭಾಗದಲ್ಲಿ ಲೇಪ ಇದೆಯೋ ಇಲ್ಲವೋ ತೀರ್ಮಾನವಾಗುತ್ತದೆ. ಮೊದಲ ಪ್ರಯೋಗದ ವಾಹನಕ್ಕೆ ರಬ್ಬರ್ ಅಂಚಿನ ಗಾಲಿಗಳಿದ್ದವು, ನಂತರದವುಗಳಲ್ಲಿ ಉಕ್ಕಿನ ಅಂಚಿನವು. ಕಿಟ್ಟಿನಲ್ಲಿ ಬಂದ ಗಾಲಿ ನೀವು ಆರಿಸಿದ ಫೋಟೋಗೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಈ ವಾಹನದಲ್ಲಿ ಸರಾಸರಿ ರೂಪ ಎಂಬುದೇ ಇಲ್ಲ. ಒಂದು ನಿರ್ದಿಷ್ಟ ಫೋಟೋ ಹಿಡಿದು, ಅದೇ ವಾಹನವನ್ನು ಕಟ್ಟಬೇಕು.

ನಳಿಗೆಯ ಬಾಯಿಯ ಸುತ್ತ ಸಾಲಾಗಿ ಸಣ್ಣ ರಂಧ್ರಗಳಿವೆ. ರಾಕೆಟ್ಟಿನ ಹೊಗೆ, ಬಿಸಿ ಗಾಳಿ ವಾಹನದೊಳಗೆ ನುಗ್ಗದೆ ಮುಂದಕ್ಕೆ ಹೋಗಲೆಂದು ಮಾಡಿದ ಏರ್ಪಾಡು. 1/35ರಲ್ಲಿ ಬಾಯಿಯ ಒಳವ್ಯಾಸ 10.9 ಮಿ.ಮೀ. ಇರಬೇಕು. ವರ್ನಿಯರ್ ಇದ್ದರೆ ಅಳೆದು ನೋಡಿ. ರಂಧ್ರಗಳು ಪ್ಲಾಸ್ಟಿಕ್‌ನಲ್ಲಿ ಬರೀ ಗುಳಿಗಳಾಗಿದ್ದರೆ ಸಣ್ಣ ಡ್ರಿಲ್‌ನಿಂದ ಆಳ ಮಾಡಬೇಕು. ನೋಡುವವರ ಕಣ್ಣೆಲ್ಲ ಅಲ್ಲೇ ಇರುತ್ತದೆ. ತಮಿಯಾ ಕಿಟ್ ನೇರ, ರೈ ಫೀಲ್ಡ್ ಮಾಡೆಲ್‌ನದ್ದು ಒಳಾಂಗಣದ ಸಮೇತ. ಈ ಒಂದು ವಾಹನದಲ್ಲಿ ಮಾತ್ರ ಒಳಾಂಗಣಕ್ಕೆ ಹಣ ಹಾಕುವುದು ಸರಿ ಎನ್ನುತ್ತೇನೆ. ಛಾವಣಿ ತೆಗೆದಿಟ್ಟು, ಎರಡೂ ಬದಿಯ ಚೌಕಟ್ಟಿನಲ್ಲಿ ಮಲಗಿಸಿದ ರಾಕೆಟ್‌ಗಳನ್ನು ತೋರಿಸಿದರೆ ಆ ಯಂತ್ರ ಯಾತಕ್ಕಾಗಿ ಹುಟ್ಟಿತು ಎಂದು ಹೇಳಬೇಕಾಗಿಲ್ಲ.

ಯಾತಕ್ಕಾಗಿ ಎಂಬುದನ್ನು ಮರೆಯಲೂ ಬಾರದು. ಕಟ್ಟಡಗಳನ್ನು ಉರುಳಿಸುವುದಕ್ಕೇ ಮಾಡಿದ ಯಂತ್ರ ಇದು. 1944ರ ಆಗಸ್ಟ್‌ನಲ್ಲಿ ವಾರ್ಸಾದ ಜನ ದಂಗೆಯೆದ್ದಾಗ ಅದನ್ನು ಹತ್ತಿಕ್ಕಲು ಕಳಿಸಿದವುಗಳಲ್ಲಿ ಇದೂ ಒಂದು. ವಾರ್ಸಾದ ದೃಶ್ಯ ಕಟ್ಟುವವರು ಗೋಡೆ ಕುಸಿದ ಬೀದಿಯನ್ನು ಬರೀ ಅಲಂಕಾರದ ಹಿನ್ನೆಲೆಯಾಗಿ ಬಳಸುವುದು ನನಗೆ ಸರಿಬರುವುದಿಲ್ಲ.

ಮೌಸ್: ಮ್ಯೂಸಿಯಮ್ಮೇ ದಾರಿ ತಪ್ಪಿಸುವ ಕಡೆ

188 ಟನ್ ತೂಗುವ ಟ್ಯಾಂಕಿಗೆ ಇಲಿ ಎಂದು ಹೆಸರಿಟ್ಟ ಪುಣ್ಯಾತ್ಮರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು. ಇದೂ ಪೋರ್ಷೆಯವರದ್ದೇ ವಿನ್ಯಾಸ. 128 ಮಿ.ಮೀ.ನ ಫಿರಂಗಿ, ಪಕ್ಕದಲ್ಲಿ 75 ಮಿ.ಮೀ.ನದ್ದು ಇನ್ನೊಂದು. ಒಡಲು ಎರಡು ಸಿದ್ಧವಾದವು, ಟರೆಟ್ (ಫಿರಂಗಿ ಹೊತ್ತು ತಿರುಗುವ ಮೇಲಿನ ಗೋಪುರ) ಒಂದೇ. ಮೊದಲ ಒಡಲು, ವಿ1, ಟರೆಟ್ಟಿನ ಬದಲಿಗೆ ಅಷ್ಟೇ ಭಾರದ ಒಂದು ಡಮ್ಮಿ ಹೊತ್ತು ಓಡಾಡಿತು. ನಿಜವಾದ ಟರೆಟ್ ಕೂತದ್ದು ಎರಡನೆಯ ಒಡಲಾದ ವಿ2ರ ಮೇಲೆ. ಯುದ್ಧದ ಕೊನೆಯಲ್ಲಿ ಜರ್ಮನ್ನರೇ ವಿ2ನ್ನು ಸ್ಫೋಟಿಸಿದರು. ಸೋವಿಯತ್ ಸೇನೆ ವಿ2ರ ಟರೆಟ್ ತೆಗೆದು ವಿ1ರ ಒಡಲಿನ ಮೇಲೆ ಕೂರಿಸಿ ಕುಬಿಂಕಾಕ್ಕೆ ಸಾಗಿಸಿತು.

ಅಲ್ಲಿಗೆ, ಇವತ್ತು ಕುಬಿಂಕಾದಲ್ಲಿ ನಿಂತಿರುವ ಮೌಸ್ ಯುದ್ಧಕಾಲದಲ್ಲಿ ಆ ರೂಪದಲ್ಲಿ ಇರಲೇ ಇಲ್ಲ. ಮ್ಯೂಸಿಯಂ ಫೋಟೋ ನೋಡಿ ಅದೇ ರೀತಿ ಕಟ್ಟಿ ಕೆಳಗೆ 1944 ಎಂದು ಬರೆದರೆ ತಪ್ಪಾಗುತ್ತದೆ. 1946ರ ಕುಬಿಂಕಾ ಎಂದು ಬರೆದರೆ ಸರಿ. ಟಾಕೋಮ್ ಕಂಪನಿ 1/35ರಲ್ಲಿ ವಿ1, ವಿ2 ಎರಡನ್ನೂ ಬೇರೆ ಬೇರೆ ಕೊಟ್ಟಿರುವುದು ಇದೇ ಕಾರಣಕ್ಕೆ ಉಪಯುಕ್ತ. ಡ್ರ್ಯಾಗನ್‌ನ ಕಿಟ್ ಹಳೆಯದು.

ಕಟ್ಟುವುದು ಐದರಲ್ಲಿ ಅತಿ ಸುಲಭ. ಗಾಲಿಗಳೆಲ್ಲ ಬದಿಯ ತಗಡಿನ ಹಿಂದೆ ಅಡಗಿರುತ್ತವೆ, ಹೊರಗೆ ಕಾಣುವುದು ದೊಡ್ಡ ಸಪಾಟು ಮೈ. ಕಷ್ಟ ಇರುವುದೂ ಅಲ್ಲೇ. ಉಕ್ಕಿನ ದಪ್ಪ ಹಲಗೆಯ ಒರಟು ಮೈ, ಗ್ಯಾಸ್‌ನಿಂದ ಕತ್ತರಿಸಿದ ಅಂಚಿನ ಗೆರೆ, ವೆಲ್ಡಿಂಗ್ ಹೊಲಿಗೆ ಇವನ್ನೆಲ್ಲ ಪುಟ್ಟಿಯಿಂದ, ತೆಳು ಮಾಡಿದ ಪ್ಲಾಸ್ಟಿಕ್ ಅಂಟಿನಿಂದ, ಗಡಸು ಬ್ರಷ್ಷಿನಿಂದ ನೀವೇ ತರಬೇಕು. ತರದಿದ್ದರೆ ಮಾಡೆಲ್ ಸೋಪಿನ ಡಬ್ಬಿಯಂತೆ ಕಾಣುತ್ತದೆ. ಯುದ್ಧ ಕಾಣದ ವಾಹನವಾದ್ದರಿಂದ ಕೆಸರು, ತುಕ್ಕು, ಗುಂಡಿನ ಗಾಯಕ್ಕೂ ಮಿತಿ ಇದೆ. ಬೇಕಾದ ಬಣ್ಣ ಹೊಡೆದು ‘ಹೀಗೂ ಇರಬಹುದಿತ್ತು’ ಎನ್ನುವ ಆಟ ಇಷ್ಟವಾದರೆ ಮೌಸ್ ಸರಿ. ಹುಡುಕಾಟ ಇಷ್ಟವಾದರೆ ಬೇಗ ಬರಿದಾಗುತ್ತದೆ.

ಸ್ಟೂರರ್ ಎಮಿಲ್: ನನ್ನ ಆಯ್ಕೆ

ಐದರಲ್ಲಿ ಒಂದೇ ಒಂದನ್ನು ಆರಿಸು ಎಂದರೆ ನಾನು ಕೈ ಹಾಕುವುದು ಇದಕ್ಕೆ. ಹೆನ್ಶೆಲ್ ಕಂಪನಿಯ ಬಳಿ ಉಳಿದಿದ್ದ ಪ್ರಯೋಗದ ಟ್ಯಾಂಕ್ ಚಾಸಿ, ವಿಕೆ 30.01, ಅದನ್ನು ಹಿಗ್ಗಿಸಿ ಒಂದು ಗಾಲಿ ಹೆಚ್ಚಿಸಿ, 128 ಮಿ.ಮೀ.ನ ಭಾರೀ ಫಿರಂಗಿ ಹೊರಿಸಿದರು. ತಯಾರಾದದ್ದು ಎರಡೇ. ಅವಕ್ಕೆ ಮ್ಯಾಕ್ಸ್, ಮೋರಿಟ್ಸ್ ಎಂದು ಅಡ್ಡಹೆಸರು. 1942ರಲ್ಲಿ ಪೂರ್ವರಂಗದಲ್ಲಿ 521ನೇ ಟ್ಯಾಂಕ್‌ಬೇಟೆ ಬೆಟಾಲಿಯನ್ ಸೇರಿದವು. ಒಂದು ನಾಶವಾಯಿತು, ಇನ್ನೊಂದು ಸ್ಟಾಲಿನ್‌ಗ್ರಾಡ್‌ನಲ್ಲಿ ಸೋವಿಯತ್ ಸೇನೆಗೆ ಸಿಕ್ಕಿತು. ಆಗ ಅದರ ನಳಿಗೆಯ ಮೇಲೆ 22 ಬೇಟೆಯ ಗುರುತುಗಳಿದ್ದವು. ಈಗ ಅದೂ ಕುಬಿಂಕಾದ ಸಂಗ್ರಹದಲ್ಲಿದೆ.

ಇಲ್ಲಿ ಫೋಟೋ ಕಡಿಮೆ, ಆದರೆ ವಾಹನವೂ ಎರಡೇ. ಹುಡುಕಾಟದ ವೃತ್ತ ಚಿಕ್ಕದು, ತಳ ಮುಟ್ಟಬಹುದಾದದ್ದು. ಯುದ್ಧಕಾಲದ ಫೋಟೋ, ಸೆರೆಸಿಕ್ಕ ಮೇಲಿನ ಫೋಟೋ, ಮ್ಯೂಸಿಯಂ ಫೋಟೋ ಈ ಮೂರನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಗಿದೆ, ಏನು ಕಳೆದುಹೋಗಿದೆ ಎಂದು ಪಟ್ಟಿ ಮಾಡುವುದು ಇಡೀ ವಾರಾಂತ್ಯ ಹಿಡಿಸುವ ಕೆಲಸ, ಬೇಸರ ತರಿಸದ ಕೆಲಸ. 1943ರ ಫೆಬ್ರವರಿಗೆ ಮೊದಲಿನ ವಾಹನ ಎಂದರೆ ನಿಯಮದಂತೆ ಗಾಢ ಬೂದು. ಗಾಢ ಹಳದಿಯನ್ನು ಮೂಲಬಣ್ಣವಾಗಿ ಮಾಡಿದ ಆದೇಶ ಬಂದದ್ದು ಆಮೇಲೆ. ಚಳಿಗಾಲಕ್ಕೆ ಮೇಲೆ ಬಿಳಿ ಸುಣ್ಣ ಬಳಿದು ತೋರಿಸಬೇಕೆಂದರೆ ಫೋಟೋದ ಆಧಾರ ಇಟ್ಟುಕೊಂಡೇ ಬಳಿಯಿರಿ.

ಟ್ರಂಪೆಟರ್ ಇದನ್ನು 1/35ರಲ್ಲೂ 1/72ರಲ್ಲೂ ಮಾಡಿದೆ. ಹಿಂಭಾಗದ ಕೋಣೆಗೆ ಛಾವಣಿ ಇಲ್ಲ, ಒಳಗಿನದೆಲ್ಲ ಬಟಾಬಯಲು. ಹಾಗಾಗಿ ಜೋಡಿಸಿ ಮುಗಿಸಿ ಆಮೇಲೆ ಬಣ್ಣ ಎಂಬ ಲೆಕ್ಕ ನಡೆಯುವುದಿಲ್ಲ. ಕೋಣೆಯ ಗೋಡೆ, ನೆಲ, ಫಿರಂಗಿಯ ಹಿಂಭಾಗ ಬೇರೆ ಬೇರೆಯಾಗಿ ಬಣ್ಣ ಕಂಡು, ಮಾಸಲು ಮಾಡಿಸಿಕೊಂಡು, ಆಮೇಲೆ ಒಂದಾಗಬೇಕು. ಒಂದರ ಮೇಲೊಂದು ಸರಿದು ಕೂರುವ ಗಾಲಿಗಳನ್ನೂ ಒಳಸಾಲು ಮೊದಲು, ಹೊರಸಾಲು ಆಮೇಲೆ ಎಂಬ ಕ್ರಮದಲ್ಲೇ ಬಣ್ಣ ಹೊಡೆದು ಕೂರಿಸಬೇಕು. ಮೊದಲ ಕಿಟ್ ಆಗಿ ಇದನ್ನು ತರಬೇಡಿ. ಟ್ರ್ಯಾಕ್ (ಗಾಲಿಗಳನ್ನು ಸುತ್ತುವ ಕೊಂಡಿಗಳ ಪಟ್ಟಿ) ಜೋಡಿಸುವಾಗ ಕೈ ನಡುಗದವರಿಗೆ ಇದು.

ನೋಯ್‌ಬೌ: ಬರೀ ಫೋಟೋದ ಮೇಲೆ ನಂಬಿಕೆ

1930ರ ದಶಕದ ನಡುಭಾಗದ ಈ ಟ್ಯಾಂಕಿಗೆ ಟರೆಟ್‌ಗಳು ಮೂರು: ನಡುವೆ ದೊಡ್ಡದು, ಹಿಂದೆ ಮುಂದೆ ಒಂದೊಂದು ಪುಟ್ಟ ಮೆಷಿನ್ ಗನ್ ಟರೆಟ್. ಒಟ್ಟು ಐದು ತಯಾರಾದವು. ಮೊದಲ ಎರಡು ಮೆದು ಉಕ್ಕಿನ ಪ್ರಯೋಗದವು. ನಿಜವಾದ ಕವಚದ ಉಳಿದ ಮೂರರಲ್ಲಿ 75 ಮಿ.ಮೀ. ಮತ್ತು 37 ಮಿ.ಮೀ. ಫಿರಂಗಿಗಳು ಅಕ್ಕಪಕ್ಕ ಇವೆ, ಪ್ರಯೋಗದವುಗಳಲ್ಲಿ ಒಂದರ ಮೇಲೊಂದು. ಫೋಟೋದಲ್ಲಿ ಇಷ್ಟು ನೋಡಿದರೆ ಯಾವ ಬಗೆಯದೆಂದು ಗುರುತಿಸಬಹುದು. ಡ್ರ್ಯಾಗನ್ ಕಿಟ್ ಕೊಳ್ಳುವಾಗಲೂ ಪೆಟ್ಟಿಗೆಯೊಳಗೆ ಯಾವ ಟರೆಟ್ ಇದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಕವಚದ ಮೂರನ್ನು 1940ರ ಏಪ್ರಿಲ್‌ನಲ್ಲಿ ನಾರ್ವೆಗೆ ಕಳಿಸಿದರು. ಓಸ್ಲೋದಲ್ಲಿ ತೆಗೆದ ಫೋಟೋಗಳು ಪ್ರಚಾರಕ್ಕೆ ಚೆನ್ನಾಗಿ ಬಳಕೆಯಾದವು, ಜರ್ಮನಿಯ ಬಳಿ ಇಂಥ ದೈತ್ಯ ಟ್ಯಾಂಕುಗಳು ಲೆಕ್ಕವಿಲ್ಲದಷ್ಟಿವೆ ಎಂದು ಶತ್ರುಗಳು ನಂಬುವಂತೆ. ಇವತ್ತು ಪೂರ್ತಿ ವಾಹನ ಒಂದೂ ಉಳಿದಿಲ್ಲ. ಅಳೆಯಲು ಉಕ್ಕಿಲ್ಲ, ಇರುವುದು ಕಪ್ಪುಬಿಳುಪು ಚಿತ್ರ ಮಾತ್ರ.

ಆ ಕಪ್ಪುಬಿಳುಪಿನಲ್ಲೇ ಒಂದು ಸೊಗಸಾದ ಸಮಸ್ಯೆ ಇದೆ. ಹೆಚ್ಚಿನವರು ಇದನ್ನು ಪೂರ್ತಿ ಗಾಢ ಬೂದು ಬಳಿದು ಮುಗಿಸುತ್ತಾರೆ. ಆದರೆ 1940ರ ಮಧ್ಯದವರೆಗೂ ಜರ್ಮನ್ ಸೇನೆಯ ನಿಯಮ ಇದ್ದದ್ದು ಗಾಢ ಬೂದಿನ ಮೇಲೆ ಮೂರನೇ ಒಂದು ಭಾಗ ಗಾಢ ಕಂದಿನ ಪಟ್ಟೆ. ಎರಡೂ ಬಣ್ಣಗಳ ಗಾಢತೆ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಆ ಕಾಲದ ಫಿಲ್ಮಿನಲ್ಲಿ ಅವು ಬೇರೆ ಬೇರೆಯಾಗಿ ಬೀಳುವುದಿಲ್ಲ. ಫೋಟೋದಲ್ಲಿ ಒಂದೇ ಬಣ್ಣ ಕಂಡಿತು ಎಂದರೆ ಒಂದೇ ಬಣ್ಣ ಇತ್ತು ಎಂದಾಗುವುದಿಲ್ಲ. 1940ರ ಏಪ್ರಿಲ್‌ನ ವಾಹನಕ್ಕೆ ನಾನಾದರೆ ಎರಡು ಬಣ್ಣವನ್ನೇ ಹೊಡೆಯುತ್ತೇನೆ. ಹೊಡೆದ ಮೇಲೆ ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆದು ಹಳೆಯ ಚಿತ್ರದ ಪಕ್ಕ ಇಟ್ಟು ನೋಡಿ. ಪಟ್ಟೆ ಎದ್ದು ಕಂಡರೆ ಕಂದು ತೀರಾ ತಿಳಿಯಾಗಿದೆ ಎಂದರ್ಥ.

ಕುಬಿಂಕಾದ ಗೋಲಾಕಾರದ ಕೂಗಲ್‌ಪಾಂತ್ಸರ್ ಕಟ್ಟಬೇಕೆಂಬ ಆಸೆ ಕೆಲವರಿಗೆ. ವಾಹನ ಒಂದೇ, ಅದರ ಹಿಂದೆ ಕಾಗದಪತ್ರ ಇಲ್ಲದಷ್ಟು ಕಡಿಮೆ. ಕಪಾಟಿನಲ್ಲಿ ಮೋಜಿಗೆ ಇಟ್ಟುಕೊಳ್ಳಬಹುದು, ಹುಡುಕಾಟಕ್ಕೆ ಏನೂ ದಕ್ಕುವುದಿಲ್ಲ.

ಫೋಟೋ ಎಲ್ಲಿ, ಹೇಗೆ ನೋಡುವುದು

ಜರ್ಮನಿಯ ಬುಂಡೆಸ್‌ಆರ್ಕೀವ್, ಅಂದರೆ ರಾಷ್ಟ್ರೀಯ ದಾಖಲೆಗಳ ಭಂಡಾರ, 2008ರಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಕೊಟ್ಟಿತು. ಕಾಸಿಲ್ಲದೆ ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಯುದ್ಧದ ಅನೇಕ ಚಿತ್ರಗಳನ್ನು ತೆಗೆದದ್ದು ಸೇನೆಯ ಪ್ರಚಾರ ತುಕಡಿಗಳು. ಕೆಳಗಿನ ವಿವರಣೆ ತಪ್ಪಿರಬಹುದು, ಏಕಪಕ್ಷೀಯವಾಗಿರಬಹುದು ಎಂದು ಭಂಡಾರವೇ ಎಚ್ಚರಿಸುತ್ತದೆ. ಚಿತ್ರ ನಂಬಿ, ವಿವರಣೆಯನ್ನು ಪರೀಕ್ಷಿಸಿ. ಎಲೆ ಉದುರಿದ ಮರ, ಸೈನಿಕರ ಕೋಟು, ಜಿಮ್ಮರಿಟ್ ಇರುವುದು ಇಲ್ಲದಿರುವುದು ಇವೆಲ್ಲ ಬರೆದ ತಾರೀಖಿಗಿಂತ ಗಟ್ಟಿ ಸಾಕ್ಷಿ.

ಮ್ಯೂಸಿಯಂ ಫೋಟೋಗಳಲ್ಲಿ ಆಕಾರ, ಅಳತೆ, ವೆಲ್ಡಿಂಗ್ ನೋಡಿ. ಬಣ್ಣ ನೋಡಬೇಡಿ. ದಶಕಗಳಲ್ಲಿ ಮತ್ತೆ ಮತ್ತೆ ಬಳಿದ ಬಣ್ಣ ಅದು.

ಅಳತೆ, ಟ್ರ್ಯಾಕ್, ಮಳೆಗಾಲ

1/35ರಲ್ಲಿ ಮೌಸ್ ನಳಿಗೆ ಸೇರಿ ಸುಮಾರು 29 ಸೆಂ.ಮೀ., ಎಮಿಲ್ 28ರ ಹತ್ತಿರ, ಎಲೆಫಾಂಟ್ 23, ನೋಯ್‌ಬೌ 19, ಸ್ಟುರ್ಮ್‌ಟೈಗರ್ 18. ಕಪಾಟಿನ ಆಳ ಮೊದಲು ಅಳೆಯಿರಿ. 1/72ರಲ್ಲಿ ಎಲ್ಲವೂ ಅಂಗೈಗೆ ಬರುತ್ತವೆ, ಆದರೆ ಹುಡುಕಿ ತೆಗೆದ ಸಣ್ಣ ವಿವರಗಳನ್ನು ತೋರಿಸಲು ಜಾಗ ಇರುವುದಿಲ್ಲ. ಹುಡುಕಾಟವೇ ನಿಮ್ಮ ಸುಖವಾದರೆ 1/35 ಬಿಟ್ಟು ಇಳಿಯಬೇಡಿ.

ಟ್ರ್ಯಾಕ್ ಬಗ್ಗೆ ಒಂದೇ ಮಾತು. ಎಮಿಲ್‌ಗೆ ಬಿಡಿಬಿಡಿ ಕೊಂಡಿಗಳ ಟ್ರ್ಯಾಕೇ ಬೇಕು, ಗಾಲಿಗಳ ಮೇಲೆ ಅದು ಜೋತುಬೀಳುವುದು ಕಾಣುತ್ತದೆ. ಮೌಸ್‌ನಲ್ಲಿ ಮೇಲ್ಭಾಗ ಮುಚ್ಚಿಹೋಗುವುದರಿಂದ ಅಲ್ಲಿ ಹೆಚ್ಚು ಖರ್ಚು ಮಾಡುವುದು ದಂಡ.

ನಮ್ಮ ಕಡೆ ಇರುವವರಿಗೆ ಎರಡು ಲೆಕ್ಕಗಳು. ವಿದೇಶದಿಂದ ಕಿಟ್ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಮೌಸ್‌ನಂಥ ಭಾರೀ ಪೆಟ್ಟಿಗೆಯನ್ನು ಇಲ್ಲಿಯ ಅಂಗಡಿಯಲ್ಲಿ ಸಿಗುವವರೆಗೆ ಕಾಯುವುದೇ ಮೇಲು. ಬಣ್ಣ, ತಿನ್ನರ್ ಉರಿಯುವ ವಸ್ತುಗಳಾದ್ದರಿಂದ ವಿಮಾನದಲ್ಲಿ ಸಲೀಸಾಗಿ ಬರುವುದಿಲ್ಲ, ಅವನ್ನು ದೇಶದೊಳಗೇ ಕೊಳ್ಳಿ. ಇನ್ನು, ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಲ್ಯಾಕರ್ ಬಣ್ಣ ಹೊಡೆದರೆ ತೇವಕ್ಕೆ ಮೈ ಬಿಳಿಚಿಕೊಳ್ಳುತ್ತದೆ. ಗಾಢ ಬೂದಿನ ಎಮಿಲ್, ನೋಯ್‌ಬೌ ಮೇಲೆ ಅದು ಎದ್ದು ಕಾಣುತ್ತದೆ. ಜೋಡಣೆಯನ್ನು ಜೂನ್‌ನಿಂದ ಇಟ್ಟುಕೊಂಡು ಏರ್‌ಬ್ರಷ್ ಕೆಲಸವನ್ನು ದೀಪಾವಳಿ ನಂತರಕ್ಕೆ ಹಾಕಿಕೊಂಡರೆ ಪ್ರೈಮರ್, ಬಣ್ಣ, ಡೀಕಾಲ್ (ಅಂಟಿಸುವ ಅಂಕಿ, ಗುರುತು) ಮೇಲಿನ ವಾರ್ನಿಷ್ ಮೂರೂ ಒಣ ಹವೆಯಲ್ಲಿ ಚೆನ್ನಾಗಿ ಕೂರುತ್ತವೆ.